ಅಟ್ಟದಿಂದ ಇಳಿದ ಬೆರಳಚ್ಚು ಯಂತ್ರ

ಎಣ್ಣೆಯಿಂದ ಕೆಟ್ಟುಹೋದ ಒಂದು ಯಂತ್ರದ ಕಥೆಯನ್ನು ಈ ಸಲ ಓದುಗರ ಮುಂದಿಡುತ್ತಿದ್ದೇವೆ. ಎಣ್ಣೆ ಹಾಕದೆ ಯಂತ್ರ ಕೆಟ್ಟಿತೆಂದು ಕೇಳಿದವರುಂಟು. ಎಣ್ಣೆ ಹಾಕಿ ಕೆಡಿಸಿದವರು ವಿರಳ. ಆ ವಿರಳರಲ್ಲಿ ನಾವೂ ಒಬ್ಬರು.

ತಿರುಮಕೂಡಲು ನರಸೀಪುರದ ನಮ್ಮ ಮನೆಯಲ್ಲಿ ಕನ್ನಡದ ಬೆರಳಚ್ಚು ಯಂತ್ರವೊಂದು ಇದೆ. ಗೋದ್ರೆಜ್ ತಯಾರಿಕೆ, ಬೂದು ಬಣ್ಣದ ಕಬ್ಬಿಣದ ಮೈ, ಇಬ್ಬರು ಹಿಡಿದರೂ ಬೆನ್ನು ಬಗ್ಗುವಷ್ಟು ತೂಕ. 1987ರಲ್ಲಿ ಮೈಸೂರಿನಲ್ಲಿ ಮುಚ್ಚಿಹೋಗುತ್ತಿದ್ದ ಒಂದು ಕಚೇರಿಯಿಂದ ಇದನ್ನು ಕೊಂಡುತಂದೆವು. ಕೊಂಡೆವು ಎಂದು ಬರೆಯುವಾಗ ಲೇಖನಿ ತುಸು ತಡೆಯುತ್ತದೆ. ಆಗ ನಾವು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರು. ನಮ್ಮ ಮೂರು ತಿಂಗಳ ಸಂಬಳ ಸೇರಿಸಿದರೂ ಅದರ ಬೆಲೆಗೆ ಸಾಲುತ್ತಿರಲಿಲ್ಲ. ಮದುವೆಯಾಗಿ ಒಂದು ವರ್ಷವಷ್ಟೇ ಕಳೆದಿದ್ದ ನಮ್ಮ ಮನೆಯವರು ತವರಿನಿಂದ ಬಂದಿದ್ದ ಎರಡು ಬಳೆಗಳನ್ನು ಬಿಚ್ಚಿಕೊಟ್ಟರು. ಹೀಗೆ ಯಂತ್ರ ಬಂದಿತು. ಅವರು ಇದೇ ಊರಿನ ಒಂದು ಟೈಪಿಂಗ್ ಶಾಲೆಗೆ ಹೋಗಿ ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆಗಳನ್ನು ಮುಗಿಸಿದರು.

ಕನ್ನಡವನ್ನು ಯಂತ್ರಕ್ಕೆ ಹೊಂದಿಸುವುದು ಎಷ್ಟು ಕಷ್ಟದ ಕೆಲಸವೆಂಬುದು ಗಣಕಯಂತ್ರದ ಕಾಲದಲ್ಲಿ ಹುಟ್ಟಿದವರಿಗೆ ತಿಳಿಯುವುದು ಸುಲಭವಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳು ಸಾಕು. ನಮ್ಮಲ್ಲಿ ಸ್ವರ, ವ್ಯಂಜನ, ಗುಣಿತಾಕ್ಷರ, ಒತ್ತಕ್ಷರ ಎಲ್ಲವನ್ನೂ ಎಣಿಸುತ್ತ ಹೋದರೆ ನೂರುಗಳು ದಾಟುತ್ತವೆ. ಯಂತ್ರದಲ್ಲಿರುವುದು ಸುಮಾರು ನಲವತ್ತೈದು ಕೀಲಿಗಳು. ಕೀಲಿಯೊಂದಕ್ಕೆ ಎರಡು ಅಚ್ಚಿನಂತೆ ತೊಂಬತ್ತರಷ್ಟು ಗುರುತುಗಳು ಮಾತ್ರ. ಈ ಇಕ್ಕಟ್ಟಿನೊಳಗೆ ಕನ್ನಡವನ್ನು ಕೂರಿಸುವ ಕೀಲಿಮಣೆಯನ್ನು ಯೋಜಿಸಿದವರು ಮೈಸೂರಿನ ಅನಂತಸುಬ್ಬರಾಯರು. ಅಕ್ಷರವನ್ನು ಇಡಿಯಾಗಿ ಅಚ್ಚೊತ್ತದೆ, ಬಿಡಿಸಿ ಮತ್ತೆ ಕಟ್ಟುವುದು ಇದರ ಉಪಾಯ. ವ್ಯಂಜನದ ಒಡಲು ಒಂದು ಕೀಲಿಯಲ್ಲಿ, ತಲಕಟ್ಟು ಇನ್ನೊಂದರಲ್ಲಿ, ಕೊಂಬು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಕೆಲವು ಕೀಲಿಗಳನ್ನು ಒತ್ತಿದರೆ ಕಾಗದ ಹೊತ್ತ ಕ್ಯಾರೇಜು ಮುಂದೆ ಸರಿಯುವುದಿಲ್ಲ. ಹಿಂದಿನ ಗುರುತೂ ಈಗಿನದೂ ಒಂದೇ ಜಾಗದಲ್ಲಿ ಬಿದ್ದು ಅಕ್ಷರ ಪೂರ್ಣವಾಗುತ್ತದೆ. ಬೆರಳಚ್ಚು ಕಲಿತವರಿಗೆ ಕನ್ನಡ ಲಿಪಿಯ ಅಂಗಾಂಗಗಳು ತಿಳಿದಷ್ಟು ನಮ್ಮಂಥ ಪಂಡಿತರಿಗೂ ತಿಳಿದಿರಲಾರವು ಎಂದರೆ ಅತಿಶಯೋಕ್ತಿಯಲ್ಲ.

1963ರಲ್ಲಿ ರಾಜ್ಯದ ಆಡಳಿತ ಭಾಷೆಯ ಅಧಿನಿಯಮ ಬಂದಿತಾದರೂ ತಾಲ್ಲೂಕು ಕಚೇರಿಗಳ ಮೇಜಿನ ಮೇಲೆ ಕನ್ನಡ ನಿಜವಾಗಿ ಕುಳಿತದ್ದು ಇಂಥ ಯಂತ್ರಗಳ ಮೂಲಕ. ನಮ್ಮ ಮನೆಯ ಯಂತ್ರದ ಬಾಳು ಕಚೇರಿಯದಲ್ಲದಿದ್ದರೂ ಅದಕ್ಕೆ ಹತ್ತಿರದ್ದೇ. ಜಮೀನಿನ ತಕರಾರು, ವೃದ್ಧಾಪ್ಯ ವೇತನ, ಕಾಲುವೆಯ ನೀರು, ವರ್ಗಾವಣೆ, ಹೀಗೆ ನಾನಾ ವಿಷಯಗಳ ಅರ್ಜಿಗಳು ನಮ್ಮ ಪಡಸಾಲೆಯಲ್ಲಿ ತಯಾರಾದವು. ಪರೀಕ್ಷೆಯ ಕಾಲ ಬಂದಿತೆಂದರೆ ಸುತ್ತಿನ ಶಾಲೆಗಳ ಪ್ರಶ್ನೆಪತ್ರಿಕೆಗಳು. ರಿಬ್ಬನ್ನು ಪಕ್ಕಕ್ಕೆ ಸರಿಸಿ, ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಬರಿಯ ಅಚ್ಚಿನಿಂದಲೇ ಅಕ್ಷರ ಕೊರೆದು, ಅದನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಕಳಿಸಬೇಕು. ಒಂದು ಅಕ್ಷರ ತಪ್ಪಿದರೆ ಕೆಂಪು ದ್ರವ ಬಳಿದು, ಆರುವವರೆಗೆ ಊದುತ್ತ ಕುಳಿತು, ಮತ್ತೆ ಕೊರೆಯಬೇಕು. ಮೇಣವು ‘ಠ’, ‘ಥ’, ‘ಧ’ ಮೊದಲಾದ ಗುಂಡು ಅಕ್ಷರಗಳ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತಿತ್ತು. ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಹಳೆಯ ಹಲ್ಲುಜ್ಜುವ ಬ್ರಷ್ಷನ್ನೂ ಗುಂಡುಸೂಜಿಯನ್ನೂ ಹಿಡಿದು ಒಂದೊಂದೇ ಅಚ್ಚನ್ನು ಬಿಡಿಸುತ್ತಿದ್ದರು. ಆ ಹೊತ್ತಿಗೆ ನಾವು ಸಾಮಾನ್ಯವಾಗಿ ಯಾವುದಾದರೂ ಊರಿನ ವೇದಿಕೆಯ ಮೇಲೆ ಕಾಯಕದ ವಿಷಯವಾಗಿ ಉಪನ್ಯಾಸ ಮಾಡುತ್ತಿದ್ದೆವು.

ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಬೆಳೆದವರು. ಅಲ್ಲಿ ನಮ್ಮ ಪಾಲಿಗೆ ಬಂದಿದ್ದ ಸೇವೆಗಳಲ್ಲಿ ಓಲೆಗರಿಯ ಕಟ್ಟುಗಳ ಪೋಷಣೆಯೂ ಒಂದು. ವರ್ಷಕ್ಕೊಮ್ಮೆ ಕಟ್ಟು ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಧೂಳೊರೆಸಿ, ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಿದ್ದೆವು. ಒಣಗಿ ಸೆಟೆದ ಗರಿ ಎಣ್ಣೆ ಕುಡಿದು ಬಳುಕುತ್ತದೆ, ಹುಳು ಹತ್ತಿರ ಸುಳಿಯುವುದಿಲ್ಲ. ಮೇಲೆ ದೀಪದ ಕಾಡಿಗೆ ತಿಕ್ಕಿದರೆ ಕೊರೆದ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಬರವಣಿಗೆಯ ಸಾಧನವೆಂದರೆ ಎಣ್ಣೆ ಕೊಟ್ಟು ಕಾಪಾಡಬೇಕಾದ ವಸ್ತು ಎಂಬ ಭಾವನೆ ಹತ್ತು ಹನ್ನೆರಡನೆಯ ವಯಸ್ಸಿನಲ್ಲೇ ನಮ್ಮ ಕೈಗಳಲ್ಲಿ ಕುಳಿತುಬಿಟ್ಟಿತು. ಮುಂದಿನ ಅನಾಹುತಕ್ಕೆ ಇದೇ ಬೀಜ.

ಹೊಸ ಶತಮಾನದ ಆರಂಭದಲ್ಲಿ ಊರಿಗೆ ಡಿ.ಟಿ.ಪಿ. ಅಂಗಡಿಗಳು ಬಂದವು. ‘ನುಡಿ’ ತಂತ್ರಾಂಶ ಬಂದಿತು, ಕೆ. ಪಿ. ರಾಯರ ಕೀಲಿಮಣೆಯಿಂದ ಕನ್ನಡ ಬರೆಯುವುದು ಮಕ್ಕಳಿಗೂ ಸುಲಭವಾಯಿತು. ಅದರ ಬಗ್ಗೆ ನಮಗೆ ಸಂತೋಷವೇ ಹೊರತು ದೂರಿಲ್ಲ. 2004ರ ಹೊತ್ತಿಗೆ ನಮ್ಮ ಪಡಸಾಲೆಗೆ ಅರ್ಜಿದಾರರು ಬರುವುದು ನಿಂತಿತು. 1955ರಿಂದ ಬೆರಳಚ್ಚು ಯಂತ್ರ ಮಾಡುತ್ತಿದ್ದ ಗೋದ್ರೆಜ್ ಸಂಸ್ಥೆಯೂ ಆ ತಯಾರಿಕೆಯನ್ನು ನಿಲ್ಲಿಸಿತೆಂಬ ಸುದ್ದಿಯನ್ನು 2011ರಲ್ಲಿ ಪತ್ರಿಕೆಗಳಲ್ಲಿ ಓದಿದೆವು. ನಮ್ಮ ಯಂತ್ರ ಹಳೆಯ ಸೀರೆಯ ತುಂಡು ಹೊದ್ದು ಮೂಲೆಯಲ್ಲಿ ಕುಳಿತಿತ್ತು.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಹರಿದದ್ದು ಈ ಭಾಗದವರಿಗೆಲ್ಲ ನೆನಪಿರಬಹುದು. ನಂಜನಗೂಡಿನಲ್ಲಿ ನೀರು ನುಗ್ಗಿ ಮೈಸೂರಿನ ರಸ್ತೆಯೇ ಮುಚ್ಚಿತ್ತು. ಕಾವೇರಿ ಕಪಿಲೆಗಳು ಕೂಡುವ ನಮ್ಮ ಊರಿನ ಗತಿ ಹೇಳಬೇಕಾಗಿಲ್ಲ. ನಮ್ಮ ಮನೆ ಎತ್ತರದಲ್ಲಿರುವುದರಿಂದ ನೀರು ಬರಲಿಲ್ಲ, ತೇವ ಬಂದಿತು, ಗೋಡೆಗಳು ಬೆವರಿದವು. ಅದೇ ವರ್ಷ ನಿವೃತ್ತರಾಗಿ ಕೈಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ನಮಗೆ ಯಂತ್ರಕ್ಕೆ ತುಕ್ಕು ಹಿಡಿದೀತೆಂಬ ಕಳವಳ ಹುಟ್ಟಿತು. ಮನೆಯವರು ಮಗಳ ಊರಿಗೆ ಹೋಗಿದ್ದರು. ಅಡಿಗೆಮನೆಯಲ್ಲಿ ಸಿಕ್ಕ ಹರಳೆಣ್ಣೆಯ ಬಾಟಲಿಯನ್ನು ತಂದು, ಯಂತ್ರದ ಸಂದುಗೊಂದುಗಳಿಗೆಲ್ಲ ಧಾರಾಳವಾಗಿ ಎರೆದು, ಪಕ್ಕದ ಮನೆಯ ಹುಡುಗನ ನೆರವಿನಿಂದ ಅಟ್ಟಕ್ಕೆ ಏರಿಸಿದೆವು. ಏರಿಸುವಾಗ ಹಿಡಿದದ್ದು ಕ್ಯಾರೇಜನ್ನು. ಎಲ್ಲಿ ಹಿಡಿಯಬಾರದೋ ಅಲ್ಲೇ ಹಿಡಿದಿದ್ದೆವೆಂಬುದು ತಿಳಿದದ್ದು ನಾಲ್ಕು ವರ್ಷಗಳ ಮೇಲೆ.

2023ರ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಪಾರ್ಶ್ವವಾಯು ತಗುಲಿತು. ಮಾತು ಉಳಿಯಿತು, ನಡಿಗೆ ಮೂರು ತಿಂಗಳಲ್ಲಿ ಮರಳಿತು, ಎಡಗೈ ಮಾತ್ರ ಬರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು ದಿನವೂ ಇಷ್ಟು ಸಲ ಹಿಸುಕಬೇಕೆಂದು ಹೇಳಿದ್ದಳು. ಒಂದು ದಿನ ಚೆಂಡನ್ನು ಮಂಚದ ಮೇಲೆ ಎಸೆದು, “ಏನೂಂದ್ರೆ, ಇದನ್ನ ಹಿಸುಕ್ತಾ ಕೂರೋಕೆ ನಾನೇನು ಹಸುಗೂಸಾ? ನನ್ನ ಮಿಷಿನ್ನು ಇಳಿಸಿಕೊಡಿ,” ಎಂದರು. ಹುಡುಗಿಯನ್ನು ಕೇಳಿದೆವು. ಬೆರಳುಗಳಿಗೆ ಕೆಲಸ ಸಿಕ್ಕರೆ ಒಳ್ಳೆಯದೇ, ಆಯಾಸವಾದಾಗ ನಿಲ್ಲಿಸಬೇಕು ಎಂದಳು.

ಇಳಿಸಿ ಹೊದಿಕೆ ತೆಗೆದಾಗ ಕಂಡದ್ದನ್ನು ವರ್ಣಿಸಲು ನಾಚಿಕೆಯಾಗುತ್ತದೆ. ತುಕ್ಕು ಹೆಚ್ಚಿರಲಿಲ್ಲ, ಆ ಮಟ್ಟಿಗೆ ಎಣ್ಣೆ ತನ್ನ ಧರ್ಮವನ್ನು ಪಾಲಿಸಿತ್ತು. ಆದರೆ ನಾಲ್ಕು ವರ್ಷಗಳ ಧೂಳು ಅದರಲ್ಲಿ ಕಲಸಿ ಹಲಸಿನ ಮೇಣದಂತೆ ಅಂಟಾಗಿತ್ತು. ಕೀಲಿ ಒತ್ತಿದರೆ ಅಕ್ಷರದ ಕಡ್ಡಿ ಅರ್ಧ ಎದ್ದು ಅಲ್ಲೇ ನಿಲ್ಲುತ್ತಿತ್ತು. ಎರಡನೆಯದನ್ನು ಒತ್ತಿದರೆ ಅದೂ ಬಂದು ಮೊದಲನೆಯದಕ್ಕೆ ತಗುಲಿಕೊಳ್ಳುತ್ತಿತ್ತು. ಕ್ಯಾರೇಜು ಇದ್ದಲ್ಲಿಂದ ಕದಲಲಿಲ್ಲ. ಮನೆಯವರು ಬಲಗೈಯ ತೋರುಬೆರಳಿನಿಂದ ಒಂದು ಕೀಲಿಯನ್ನು ಮುಟ್ಟಿ, ಬೆರಳು ಮೂಸಿ ನೋಡಿ, “ಹರಳೆಣ್ಣೆ” ಎಂದರು. ಬೇರೇನೂ ಹೇಳಲಿಲ್ಲ.

ರಿಪೇರಿ ಮಾಡುವವರನ್ನು ಹುಡುಕಲು ಒಂದು ತಿಂಗಳು ಹಿಡಿಯಿತು. ಹಿಂದೆ ಕಚೇರಿಗಳ ಯಂತ್ರಗಳನ್ನು ನೋಡಿಕೊಳ್ಳಲು ಮೈಸೂರಿನಿಂದ ಬರುತ್ತಿದ್ದವರಲ್ಲಿ ಹಲವರು ಈಗಿಲ್ಲ. ಕಡೆಗೆ ನಂಜನಗೂಡಿನಲ್ಲಿ ಮಗನ ಮನೆಯಲ್ಲಿರುವ, ಎಪ್ಪತ್ತು ದಾಟಿದ ಮೆಕ್ಯಾನಿಕ್ ಸಾಹೇಬರೊಬ್ಬರ ಸುಳಿವು ಸಿಕ್ಕಿತು. 2024ರ ಸಂಕ್ರಾಂತಿ ಕಳೆದ ವಾರ ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿನಲ್ಲೇ ಬಂದರು. ಯಂತ್ರವನ್ನು ಒಂದು ಸುತ್ತು ನೋಡಿ, “ಮೇಷ್ಟ್ರೇ, ಇದಕ್ಕೆ ಎಣ್ಣೆ ಹುಯ್ದೋರು ಯಾರು?” ಎಂದರು. ನಾವೇ ಎಂದು ಒಪ್ಪಿಕೊಂಡು, ಓಲೆಗರಿಯ ವೃತ್ತಾಂತವನ್ನೂ ಸಮರ್ಥನೆಗಾಗಿ ಹೇಳಿದೆವು. ಅವರು ತಾಳ್ಮೆಯಿಂದ ಕೇಳಿ, “ಗರಿ ಎಣ್ಣೆ ಕುಡೀತದೆ ಮೇಷ್ಟ್ರೇ, ಉಕ್ಕು ಕುಡಿಯಲ್ಲ. ಮೇಲೇ ಕೂತ್ಕೊಂಡು ಧೂಳು ಹಿಡೀತದೆ,” ಎಂದರು. ಇಷ್ಟು ಸರಳವಾದ ಸಂಗತಿ ಹೊಳೆಯದೆ ಹೋದದ್ದಕ್ಕೆ ನಾವು ಓದಿದ ಯಾವ ಶಾಸ್ತ್ರವನ್ನೂ ದೂರುವಂತಿಲ್ಲ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಯಂತ್ರವಿದ್ದರೆ ಉಪಯೋಗಕ್ಕೆ ಬರಲೆಂದು ಅವರ ಕೆಲಸದ ಕ್ರಮವನ್ನು ತುಸು ವಿವರವಾಗಿಯೇ ಬರೆಯುತ್ತೇವೆ. ಮೊದಲು ಹಿತ್ತಿಲಿನಲ್ಲಿ ನೆರಳಿರುವ, ಗಾಳಿಯಾಡುವ ಜಾಗ ಆರಿಸಿಕೊಂಡರು. ಹತ್ತಿರದಲ್ಲಿ ಒಲೆಯಾಗಲಿ ಬೀಡಿಯಾಗಲಿ ಕೂಡದೆಂದು ಕಟ್ಟಪ್ಪಣೆ ಮಾಡಿದರು, ಏಕೆಂದರೆ ತೊಳೆಯುವುದು ಪೆಟ್ರೋಲಿನಿಂದ. ಹೊರಗಿನ ತಗಡುಗಳನ್ನು ಬಿಚ್ಚಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಮೊಮ್ಮಗ ತನ್ನ ಮೊಬೈಲಿನಲ್ಲಿ ಪ್ರತಿಯೊಂದು ಹಂತದ ಚಿತ್ರ ತೆಗೆದನು. ಅದು ಮರುದಿನ ಜೋಡಿಸುವಾಗ ಎರಡು ಸಲ ಉಪಯೋಗಕ್ಕೆ ಬಂದಿತು.

ಯಂತ್ರದ ಎದೆಯಲ್ಲಿ ಅರ್ಧಚಂದ್ರದ ಆಕಾರದ ಒಂದು ಉಕ್ಕಿನ ತುಂಡಿದೆ. ಅದರಲ್ಲಿ ಬಾಚಣಿಗೆಯಂತೆ ಸೀಳುಗಳು. ಒಂದೊಂದು ಸೀಳಿನಲ್ಲಿ ಒಂದೊಂದು ಅಕ್ಷರದ ಕಡ್ಡಿ. ಕಡ್ಡಿಗೂ ಸೀಳಿಗೂ ನಡುವೆ ಇರುವ ಅವಕಾಶ ಅತ್ಯಲ್ಪ. ಒತ್ತಿದ ಕೂಡಲೆ ಎದ್ದು, ಬಡಿದು, ತನ್ನ ತೂಕದಿಂದಲೇ ಹಿಂದಕ್ಕೆ ಬೀಳಬೇಕಾದ ಕಡ್ಡಿಗೆ ಅಲ್ಲಿ ಎಳ್ಳಷ್ಟು ಜಿಡ್ಡಿದ್ದರೂ ಕೆಲಸ ಕೆಡುತ್ತದೆ. ಆದ್ದರಿಂದ ಆ ಜಾಗಕ್ಕೆ ಎಂದೆಂದಿಗೂ ಎಣ್ಣೆ ಕೂಡದು. ಅದು ಒಣಗಿಯೇ ಇರಬೇಕು. ಸಾಹೇಬರು ಗಟ್ಟಿ ಕೂದಲಿನ ಬ್ರಷ್ಷನ್ನು ಪೆಟ್ರೋಲಿನಲ್ಲಿ ಅದ್ದಿ ಸೀಳುಗಳಿಗೆ ಉಜ್ಜುತ್ತ, ಒಂದೊಂದೇ ಕೀಲಿಯನ್ನು ಇಪ್ಪತ್ತು ಮೂವತ್ತು ಸಲ ಆಡಿಸುತ್ತ ಹೋದರು. ಕಂದು ನೀರು ಇಳಿಯಿತು. ಮತ್ತೆ ಉಜ್ಜಿದರು, ಮತ್ತೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು. ರಬ್ಬರಿನ ರೋಲರಿಗೂ ಬಣ್ಣದ ಮೈಗೂ ಪೆಟ್ರೋಲು ಸೋಕದಂತೆ ಬಟ್ಟೆ ಸುತ್ತಿದ್ದರು. ಎಣ್ಣೆಯೆಂದು ಅವರು ಕಡೆಯಲ್ಲಿ ಬಳಸಿದ್ದು ಹೊಲಿಗೆ ಯಂತ್ರದ ಎಣ್ಣೆ. ಅದೂ ಕ್ಯಾರೇಜು ಜಾರುವ ಹಳಿಗಳಿಗೆ ಮಾತ್ರ, ಸೂಜಿಯ ತುದಿಯಿಂದ ಒಂದೊಂದು ತೊಟ್ಟು. ನಾವು ಎರೆದಿದ್ದ ಬಾಟಲಿಯನ್ನು ನೆನೆದು ಮನಸ್ಸಿನಲ್ಲೇ ತಲೆತಗ್ಗಿಸಿದೆವು.

ಕ್ಯಾರೇಜು ಕದಲದಿದ್ದುದಕ್ಕೆ ಕಾರಣ ಬೇರೆ. ಯಂತ್ರದ ಹಿಂಬದಿಯಲ್ಲಿ ಸ್ಪ್ರಿಂಗ್ ತುಂಬಿದ ಒಂದು ಡಬ್ಬಿಯಿದ್ದು, ಅದರಿಂದ ಹೊರಟ ಪಟ್ಟಿಯೊಂದು ಕ್ಯಾರೇಜನ್ನು ಎಡಕ್ಕೆ ಎಳೆಯುತ್ತಿರುತ್ತದೆ. ಒಂದೊಂದು ಅಕ್ಷರಕ್ಕೂ ಹಲ್ಲುಚಕ್ರ ಒಂದೊಂದು ಹೆಜ್ಜೆ ಬಿಟ್ಟುಕೊಡುತ್ತದೆ. ನಾವು ಹಿಡಿದು ಎತ್ತಿದ ರಭಸಕ್ಕೋ ವಯಸ್ಸಿಗೋ ಆ ಪಟ್ಟಿ ತುಂಡಾಗಿತ್ತು. ಹೊಸ ಪಟ್ಟಿ ಎಲ್ಲಿಂದ ತರುವುದು? ಸಾಹೇಬರು ನಗುತ್ತ, “ಸಂಗಮದ ಹತ್ರ ಬಲೆ ಮಾರೋ ಅಂಗಡೀಲಿ ಗಟ್ಟಿ ನೈಲಾನ್ ದಾರ ಸಿಕ್ತದೆ, ತನ್ನಿ,” ಎಂದರು. ನಲವತ್ತು ವರ್ಷ ಈ ಊರಿನಲ್ಲಿದ್ದರೂ ಮೀನಿನ ಗಾಳಗಳು ತೂಗಾಡುವ ಆ ಅಂಗಡಿಯ ಮೆಟ್ಟಿಲನ್ನು ನಾವು ಏರಿದವರಲ್ಲ. ಅಂಗಡಿಯಾತ ನಮ್ಮ ಹಳೆಯ ಶಿಷ್ಯ. ವಿಭೂತಿ ಧರಿಸಿದ ಮೇಷ್ಟರು ಗಾಳದ ದಾರ ಕೇಳಲು ಬಂದದ್ದನ್ನು ಕಂಡು ಅವನ ಮುಖದಲ್ಲಿ ಮೂಡಿದ ಗೊಂದಲವನ್ನು ನಿವಾರಿಸಲು ಕಾಲು ಗಂಟೆ ಹಿಡಿಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ದಾರ ಕಟ್ಟಿ, ಡಬ್ಬಿಯ ಸ್ಪ್ರಿಂಗನ್ನು ಸುತ್ತುವಾಗ ಸಾಹೇಬರು ಎಣಿಸುತ್ತಿದ್ದರು. ಸಾಲಿನ ಕೊನೆಯವರೆಗೆ ಕ್ಯಾರೇಜನ್ನು ಎಳೆಯಲು ಎಷ್ಟು ಬೇಕೋ ಅಷ್ಟೇ ಸುತ್ತು. ಹೆಚ್ಚಾದರೆ ಅಕ್ಷರಗಳು ಜಿಗಿಯುತ್ತವೆ, ಹಲ್ಲು ಸವೆಯುತ್ತದೆ. ರೋಲರಿನ ರಬ್ಬರು ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಬದಲಿಸುವ ಉಪಾಯ ಇಲ್ಲಿ ಇಲ್ಲ. ಬರೆಯುವ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಟ್ಟುಕೊಂಡರೆ ಸಾಕು, ಅಚ್ಚೂ ಸವೆಯುವುದಿಲ್ಲ, ಸದ್ದೂ ಕಡಿಮೆ ಎಂದರು. ಇದನ್ನು ನಮ್ಮ ಮನೆಯವರು ಮೊದಲೇ ಬಲ್ಲವರಾಗಿದ್ದರು.

ಎರಡನೆಯ ದಿನ ಜೋಡಿಸುವ ಮುನ್ನ ಸಾಹೇಬರು, “ಅಮ್ಮಾ, ಕೈ ಸರಿಯಿಲ್ಲ ಅಂತೀರಿ. ಕೀಲಿ ಒಸಿ ಸಡಿಲ ಮಾಡ್ಲಾ?” ಎಂದು ಕೇಳಿದರು. ನಾವು ಮಾಡಿ ಎನ್ನುವಷ್ಟರಲ್ಲಿ ಮನೆಯವರು ಬೇಡವೆಂದರು. “ಮೊದಲು ಹೆಂಗಿತ್ತೋ ಹಂಗೇ ಇರಲಿ ಸಾಬ್ರೇ. ಕೈ ಅದಕ್ಕೆ ಸರಿಹೋಗಬೇಕು.”

ಅಚ್ಚುಗಳ ಹೊಟ್ಟೆ ಬಿಡಿಸುವ ಕೆಲಸವನ್ನು ಸಾಹೇಬರು ನಮಗೆ ಬಿಟ್ಟು ಹೋದರು. ಮೂರು ಸಂಜೆ ಬ್ರಷ್ಷು, ಗುಂಡುಸೂಜಿ ಹಿಡಿದು ಕುಳಿತೆವು. ಸೂಜಿಯನ್ನು ಒತ್ತಿ ಕೆರೆಯಬಾರದು, ಮಸಿಯನ್ನು ಮೀಟಬೇಕು. ಮಂಚದ ಮೇಲಿಂದ ಮನೆಯವರು ಹೇಳಿಕೊಡುತ್ತಿದ್ದರು. ಕನ್ನಡಿಯ ಬಿಂಬದಂತೆ ತಿರುಗಿರುವ ಆ ಪುಟ್ಟ ಅಕ್ಷರಗಳನ್ನು ಕನ್ನಡಕ ಏರಿಸಿ ನೋಡುವಾಗ, ಇದರಲ್ಲಿ ಶಕಟರೇಫ (ಱ), ರಳ (ೞ) ಎರಡೂ ಇಲ್ಲವೆಂಬುದು ನೆನಪಾಯಿತು. ಅದರೊಂದಿಗೆ ಇನ್ನೊಂದೂ ನೆನಪಾಯಿತು.

1991ರಿಂದ ಮೂರು ವರ್ಷ ನಾವು ಒಂದು ಹಳಗನ್ನಡ ಕೃತಿಯ ಓಲೆಪ್ರತಿಯನ್ನು ಸಂಪಾದಿಸುತ್ತಿದ್ದೆವು. 412 ಪುಟಗಳ ಬೆರಳಚ್ಚು ಪ್ರತಿಯನ್ನು ಮಾಡಿದವರು ನಮ್ಮ ಮನೆಯವರು. ಯಂತ್ರದಲ್ಲಿಲ್ಲದ ಆ ಎರಡು ಅಕ್ಷರಗಳು ಬರುವಲ್ಲೆಲ್ಲ ಒಂದು ಅಕ್ಷರದ ಜಾಗ ಖಾಲಿ ಬಿಡುತ್ತಿದ್ದರು. ನಾವು ಲೇಖನಿಯಿಂದ ತುಂಬುತ್ತಿದ್ದೆವು. ಪ್ರತಿ ಬರೆದ ಲಿಪಿಕಾರ ತೀರ ಈಚಿನವನಾದ್ದರಿಂದ ರಳಕ್ಕೂ ಳಕಾರಕ್ಕೂ ಭೇದವೆಣಿಸದೆ ಎಲ್ಲವನ್ನೂ ಳಕಾರವಾಗಿ ಬರೆದಿದ್ದ. ಒಂದು ಪದ್ಯದಲ್ಲಿ ‘ಬಾಳ್’ ಎಂದು ನಾವೂ ಹಾಗೆಯೇ ಎತ್ತಿಕೊಂಡಿದ್ದೆವು. ಮನೆಯವರು ಅಲ್ಲಿ ಜಾಗ ಖಾಲಿ ಬಿಟ್ಟಿದ್ದರು. ಏಕೆಂದು ಕೇಳಿದರೆ, “ಇಲ್ಲಿ ಕತ್ತಿಯೋ ಬದುಕೋ? ಹಿಂದೆಲ್ಲ ಬದುಕು ಅಂತ ಬಂದಾಗ ನೀವೇ ಕೈಯಲ್ಲಿ ಬೇರೆ ಅಕ್ಷರ ಬರೆದಿದ್ದೀರಲ್ಲ,” ಎಂದರು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ಪದ್ಯಕ್ಕೆ ಬೇಕಾಗಿದ್ದುದು ಎರಡನೆಯದು. ನಾವು ಕತ್ತಿಯೆಂದು ಬಗೆದು ಅರ್ಧ ಪುಟದ ಟಿಪ್ಪಣಿಯನ್ನೂ ಬರೆದಿದ್ದೆವು! ಅದನ್ನು ಹೊಡೆದುಹಾಕಿ ತಿದ್ದಿದೆವು. ಆ ಪಾಠವನ್ನು ಮುಂದೆ ವಿದ್ವಾಂಸರು ಮೆಚ್ಚಿದರು. ಮೆಚ್ಚುಗೆಯನ್ನು ನಾವು ಸ್ವೀಕರಿಸಿದೆವು.

ಬೀರುವಿನಿಂದ ಪುಸ್ತಕ ತೆಗೆದು ಮುನ್ನುಡಿ ನೋಡಿದೆವು. ಗುರುಗಳು, ಪ್ರತಿ ಒದಗಿಸಿದವರು, ಮುದ್ರಕರು, ಕರಡು ತಿದ್ದಿದವರು ಎಲ್ಲರೂ ಹೆಸರಿನೊಂದಿಗೆ ಇದ್ದಾರೆ. ಕಡೆಯಲ್ಲಿ “ಬೆರಳಚ್ಚು ಮಾಡಿದವರಿಗೂ ಕೃತಜ್ಞತೆಗಳು” ಎಂದಿದೆ. ವಚನಗಳ ಪ್ರಕಟಣೆಗಾಗಿ ತಮ್ಮ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದ ಫ. ಗು. ಹಳಕಟ್ಟಿಯವರ ತ್ಯಾಗವನ್ನು ನಾವು ಎಷ್ಟೋ ಸಭೆಗಳಲ್ಲಿ ಕೊಂಡಾಡಿದ್ದೇವೆ. ನಮ್ಮ ಪಡಸಾಲೆಯಲ್ಲಿದ್ದ ಎರಡು ಬಳೆಗಳ ಯಂತ್ರದ ಮಾತು ಒಂದು ಸಭೆಯಲ್ಲೂ ಬಂದದ್ದಿಲ್ಲ.

ಯಂತ್ರ ಸಿದ್ಧವಾದ ದಿನ ಮನೆಯವರು ಅದರ ಮುಂದೆ ಕುಳಿತು, ಬಲಗೈಯಿಂದ ಎಡಗೈಯನ್ನು ಎತ್ತಿ ಕೀಲಿಗಳ ಮೇಲೆ ಇಟ್ಟುಕೊಂಡರು. ಹೆಚ್ಚು ಹೊತ್ತು ಯೋಚಿಸದೆ ಬೆರಳುಗಳಿಗೆ ತಾವಾಗಿಯೇ ಬಂದದ್ದನ್ನು ಒತ್ತಿದರು. ಹಾಳೆಯ ಮೇಲೆ ಮೂಡಿದ್ದು ‘ಮಾನ್ಯ ತಹಸೀಲ್ದಾರರ ಸನ್ನಿಧಾನಕ್ಕೆ’ ಎಂದು. ಮೊಮ್ಮಗ ಯಾರ ಮೇಲಜ್ಜಿ ಅರ್ಜಿ ಎಂದು ಕೇಳಿದ. ಅವರು ನಮ್ಮ ಕಡೆ ನೋಡಿದರು. ಇಂಥ ಯಂತ್ರದಲ್ಲಿ ಅಕ್ಷರದ ಕಪ್ಪು ಬೆರಳಿನ ಬಲವನ್ನು ಅನುಸರಿಸುತ್ತದೆ. ಬಲಗೈಯ ಪಾಲಿನ ಗುರುತುಗಳು ದಟ್ಟವಾಗಿ, ಎಡಗೈಯ ಪಾಲಿನವು ಕಂಡೂ ಕಾಣದಂತೆ ಬಿದ್ದಿದ್ದವು. ಒಂದೇ ಅಕ್ಷರದಲ್ಲಿ ಒಡಲು ಕಪ್ಪಾಗಿ, ಮೇಲಿನ ಗುರುತು ಮಸುಕಾಗಿ ಕಾಣುವುದೂ ಉಂಟು.

ಅಂದಿನಿಂದ ದಿನಕ್ಕೆ ಒಂದು ಹಾಳೆ. ಆಯಾಸವಾದ ದಿನ ನಾಲ್ಕೇ ಸಾಲು. ಅವನ್ನೆಲ್ಲ ತಾರೀಖು ಹಾಕಿ ಕಡತದಲ್ಲಿ ಇಟ್ಟಿದ್ದೇವೆ. ಫೆಬ್ರವರಿಯ ಹಾಳೆಗಳಿಗೂ ದೀಪಾವಳಿಯ ಹೊತ್ತಿನ ಹಾಳೆಗಳಿಗೂ ಮಸುಕಿನಲ್ಲಿ ವ್ಯತ್ಯಾಸ ಕಾಣುತ್ತದೆ. ಕಿರುಬೆರಳು ಮಾತ್ರ ಇನ್ನೂ ಮಾತು ಕೇಳುತ್ತಿಲ್ಲ. ಆ ಕೀಲಿಗಳನ್ನು ಬಲಗೈ ದಾಟಿಬಂದು ಒತ್ತುತ್ತದೆ. ಕೈ ಪೂರ್ತಿಯಾಗಿ ಬರುವುದೆಂದು ವೈದ್ಯರು ಹೇಳಿಲ್ಲ, ನಾವೂ ಹೇಳುವುದಿಲ್ಲ.

ಪುಸ್ತಕದ ಎರಡನೆಯ ಮುದ್ರಣ ಸಿದ್ಧವಾಗುತ್ತಿದೆ. ಹೊಸ ಮುನ್ನುಡಿಯನ್ನು ಬರೆದು ಬೆರಳಚ್ಚಿಗೆ ಅವರ ಮುಂದೆ ಇಟ್ಟೆವು. ಅದರಲ್ಲಿ ‘ಬಾೞ್’ ಪದದ ಪಾಠವನ್ನು ಸೂಚಿಸಿದವರು ಯಾರೆಂಬುದನ್ನು ಹೆಸರಿನೊಂದಿಗೆ ಬರೆದಿದ್ದೇವೆ. ಓದಿ, “ಈ ಸಾಲು ಬೇಕಾ? ಜನ ನಗ್ತಾರೆ,” ಎಂದರು. ಬೇಕೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಯ ಹಿಂದೆ ಇನ್ನೊಂದು ಹಾಳೆ ಸೇರಿಸಿ ರೋಲರಿಗೆ ತೂರಿಸಿದರು. ಹೆಸರಿನ ಅರ್ಧಕ್ಕೆ ಬರುವಷ್ಟರಲ್ಲಿ ನಿಲ್ಲಿಸಿ, “ರಿಬ್ಬನ್ ತೀರಾ ಬಿಳಿಚಿಕೊಂಡಿದೆ, ಸೋಮವಾರ ಮೈಸೂರಿಗೆ ಹೋದಾಗ ಎರಡು ತನ್ನಿ,” ಎಂದರು.